ಮಧ್ಯಾಹ್ನದ ಕರೆಂಟು, ಸಂಜೆಯ ಕರೆಂಟು

ವಾಡಿ ಕಡೆಯಿಂದ ರೈಲಿನಲ್ಲಿ ರಾಯಚೂರಿಗೆ ಬರುವಾಗ ಕೃಷ್ಣಾ ಸೇತುವೆ ಸಿಗುತ್ತದೆ. ಹೊಳೆ ಕಂಡ ಕೂಡಲೇ ಕೆಲವರು ಚಿಲ್ಲರೆ ಎಸೆದು ಕೈ ಮುಗಿಯುತ್ತಾರೆ. ನನ್ನ ಕಣ್ಣು ಮಾತ್ರ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳ ಕಡೆ ಹೋಗುತ್ತದೆ. ನಮ್ಮ ಭಾಗದಲ್ಲಿ ಚಿಮಣಿ ಅಂದರೆ ಎರಡರ್ಥ. ಮುಗಿಲಿಗೆ ಹೊಗೆ ಬಿಡುವ ಆ ಕೊಳವೆಯೂ ಚಿಮಣಿ, ಗೂಡಿನಲ್ಲಿಡುವ ಸೀಮೆಎಣ್ಣೆ ಬುಡ್ಡಿಯೂ ಚಿಮಣಿ. ತೊಂಬತ್ತರ ದಶಕದಲ್ಲಿ ಈ ಎರಡಕ್ಕೂ ನೇರ ಸಂಬಂಧವಿತ್ತು. ಆ ದೊಡ್ಡ ಚಿಮಣಿ ಆರಿತೆಂದರೆ ಅವತ್ತು ರಾತ್ರಿ ಮನೆಯಲ್ಲಿ ಸಣ್ಣ ಚಿಮಣಿ ಹಚ್ಚುವುದು ಖಾತ್ರಿ. ರಾಯಚೂರಿನ ಒಂದು ಘಟಕ ನಿಂತರೂ ಮರುದಿನದ ಪತ್ರಿಕೆಯ ಮುಖಪುಟಕ್ಕೆ ಬರುತ್ತಿತ್ತು.

ಈಗ ಆ ಲೆಕ್ಕ ತಪ್ಪಿದೆ. ಮಳೆಗಾಲದ ಒಂದು ಮಧ್ಯಾಹ್ನ ಶಕ್ತಿನಗರದಲ್ಲಿ ಹೊಗೆಯ ಸುಳಿವೇ ಇರುವುದಿಲ್ಲ, ಊರಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ. ಏಪ್ರಿಲ್‌ನ ಸಂಜೆ ಎಲ್ಲ ಘಟಕಗಳೂ ಉರಿಯುತ್ತಿರುತ್ತವೆ, ಆದರೂ ಎಲ್ಲೋ ಒಂದು ಓಣಿ ಕತ್ತಲಲ್ಲಿರುತ್ತದೆ. ಚಿಮಣಿ ನೋಡಿ ಕರೆಂಟಿನ ಭವಿಷ್ಯ ಹೇಳುವ ವಿದ್ಯೆ ನನ್ನ ಮಟ್ಟಿಗೆ ಮುಗಿಯಿತು. ಯಾಕೆ ಮುಗಿಯಿತು ಎಂಬುದನ್ನು ಹೇಳಲು ಹೋದರೆ ಬೆಂಗಳೂರಿನ ಕಂಟ್ರೋಲ್ ರೂಮಿನಿಂದ ಮಾನ್ವಿಯ ಮೋಟರ್ ವೈಂಡಿಂಗ್ ಅಂಗಡಿಯವರೆಗೆ ಸುತ್ತಬೇಕಾಗುತ್ತದೆ.

ಅದಕ್ಕೂ ಮೊದಲು ರಾಯಚೂರಿನ ಯಾವ ಚಹಾದಂಗಡಿಯಲ್ಲಾದರೂ ಕೇಳಿಬರುವ ಮಾತೊಂದನ್ನು ಎತ್ತಿಕೊಳ್ಳುತ್ತೇನೆ. "ಕರೆಂಟ್ ಇಲ್ಲೇ ತಯಾರಾಗ್ತದ, ಬೂದಿ ನಮ್ಮ ಮೂಗಿಗೆ ಬರ್ತದ, ಕರೆಂಟ್ ಮಾತ್ರ ಬೆಂಗಳೂರಿಗೆ ಹೋಗ್ತದ. ಇದ್ಯಾವ ನ್ಯಾಯ್ರಿ?" ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಇದಕ್ಕೆ ಸೇರಿಸಿ ಭಾಷಣ ಮಾಡದ ರಾಜಕಾರಣಿ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಬೂದಿಯ ವಿಷಯದಲ್ಲಿ ಆ ಮಾತು ನೂರಕ್ಕೆ ನೂರು ಸರಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ ಇರುತ್ತದೆ, ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಕಿಲೋದ ಆಸುಪಾಸು ಕಲ್ಲಿದ್ದಲು ಸುಡಬೇಕು. ಸ್ಥಾವರದ ಪಕ್ಕದ ದೇವಸೂಗೂರಿನವರ ಅಂಗಳದಲ್ಲಿ ಒಣಹಾಕಿದ ಬಟ್ಟೆ ನೋಡಿದರೆ ಲೆಕ್ಕ ಮುಗಿಯಿತು. ಆದರೆ ಕರೆಂಟಿನ ವಿಷಯದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಶಕ್ತಿನಗರದ ಕರೆಂಟಿಗೆ ಬೆಂಗಳೂರಿನ ವಿಳಾಸ ಬರೆದು ಯಾರೂ ಕಳಿಸುವುದಿಲ್ಲ. ಅದು ತಂತಿಗೆ ಬಿದ್ದ ಕೂಡಲೇ ಹತ್ತಿರದಲ್ಲಿ ಯಾರು ಎಳೆದುಕೊಳ್ಳುತ್ತಾರೋ ಅವರಿಗೇ ಮೊದಲು ಸೇರುತ್ತದೆ. ರಾಯಚೂರಿನ ಓಣಿಯಲ್ಲಿ ಕರೆಂಟ್ ಹೋದಾಗ ಅದರ ಕಾರಣ ಬಹುಪಾಲು ಸಲ ಶಕ್ತಿನಗರದಲ್ಲಿ ಇರುವುದಿಲ್ಲ, ಅದೇ ಓಣಿಯ ಕಂಬದಲ್ಲಿ ಇರುತ್ತದೆ.

ಇಲ್ಲಿರುವ ಸ್ಥಾವರಗಳ ಗಾತ್ರ ಒಮ್ಮೆ ನೋಡೋಣ. ಶಕ್ತಿನಗರದಲ್ಲಿರುವ, ಕರ್ನಾಟಕ ವಿದ್ಯುತ್ ನಿಗಮದ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. ತಲಾ 210 ಮೆಗಾವಾಟಿನ ಏಳು, 250 ಮೆಗಾವಾಟಿನದು ಒಂದು, ಒಟ್ಟು 1,720 ಮೆಗಾವಾಟ್. ಯರಮರಸ್ ಬಳಿ 2017ರ ಹೊತ್ತಿಗೆ 800 ಮೆಗಾವಾಟಿನ ಇನ್ನೆರಡು ಘಟಕ ಬಂದವು. ಒಂದೇ ತಾಲ್ಲೂಕಿನಲ್ಲಿ 3,320 ಮೆಗಾವಾಟ್. ಶರಾವತಿಯ ಹತ್ತು ಯಂತ್ರಗಳು ಸೇರಿ 1,035 ಮೆಗಾವಾಟ್ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಇದರ ತೂಕ ತಿಳಿಯುತ್ತದೆ.

ಗ್ರಿಡ್ ಎಂದರೇನು ಎಂದು ವಿವರಿಸಲು ನಮ್ಮ ಜಿಲ್ಲೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಏಕೆಂದರೆ ಇಲ್ಲಿ ಕಾಲುವೆ ಗೊತ್ತಿಲ್ಲದವರಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿಗೆ ಬರುವಷ್ಟರಲ್ಲಿ ನೀರು ಸೊರಗಿರುತ್ತದೆ. 69ನೇ ಮೈಲಿನಲ್ಲಿ ಗೇಜ್ ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂಬುದರ ಮೇಲೆ ಇಲ್ಲಿ ಪ್ರತಿವರ್ಷ ಧರಣಿ ನಡೆಯುತ್ತದೆ. ಮೇಲ್ಭಾಗದವರು ಹೆಚ್ಚು ಎಳೆದರೆ ಕೊನೆಭಾಗದ ಗೇಜ್ ಇಳಿಯುತ್ತದೆ. ಕರೆಂಟಿಗೂ ಒಂದು ಗೇಜ್ ಉಂಟು, ಅದರ ಹೆಸರು ಫ್ರೀಕ್ವೆನ್ಸಿ. ನಮ್ಮಲ್ಲಿ ಅದು 50 ಹರ್ಟ್ಜ್ ಇರಬೇಕು. ನಿಯಮದ ಪ್ರಕಾರ 49.90ರಿಂದ 50.05ರ ನಡುವೆ ಓಡಾಡಬಹುದು. ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ಇಳಿಯುತ್ತದೆ, ಉತ್ಪಾದನೆ ಮಿಕ್ಕಿದರೆ ಏರುತ್ತದೆ.

ಕಾಲುವೆಗೂ ಗ್ರಿಡ್ಡಿಗೂ ಎರಡು ವ್ಯತ್ಯಾಸಗಳಿವೆ. ಕಾಲುವೆಯಲ್ಲಿ ಮೈಲಿಗೊಂದು ಗೇಜ್, ಗ್ರಿಡ್ಡಿನಲ್ಲಿ ಕಾಶ್ಮೀರಕ್ಕೂ ಮಾನ್ವಿಗೂ ಹೆಚ್ಚುಕಡಿಮೆ ಒಂದೇ ಗೇಜ್. ಇಲ್ಲಿ ಮೇಲ್ಭಾಗ, ಕೊನೆಭಾಗ ಎಂಬ ಭೇದವಿಲ್ಲ. ಎರಡನೆಯದು ಇನ್ನೂ ಮುಖ್ಯ. ಕಾಲುವೆಗೆ ಬಿಟ್ಟ ನೀರು ನಾಲ್ಕು ದಿನವಾದರೂ ಕಾಲುವೆಯಲ್ಲೇ ಇದ್ದೀತು, ಹಿಂದೆ ಡ್ಯಾಂ ಕೂಡ ಇದೆ. ತಂತಿಯಲ್ಲಿ ಹಾಗೆ ಕೂಡಿಡುವ ಜಾಗವಿಲ್ಲ. ಈ ಕ್ಷಣ ಹಾಕಿದ್ದನ್ನು ಈ ಕ್ಷಣವೇ ಯಾರಾದರೂ ತೆಗೆದುಕೊಳ್ಳಬೇಕು. ಡ್ಯಾಂ ಇಲ್ಲದ ಕಾಲುವೆಯನ್ನು ನಡೆಸುವ ನೀರಗಂಟಿಯ ಪಾಡು ಊಹಿಸಿಕೊಳ್ಳಿ. ಬೆಂಗಳೂರಿನ ಲೋಡ್ ಡೆಸ್ಪ್ಯಾಚ್ ಕೇಂದ್ರದವರ ಪಾಡು ಅದೇ.

ಆ 50ಕ್ಕೂ ಶಕ್ತಿನಗರದ ಯಂತ್ರಗಳಿಗೂ ಇರುವ ನಂಟು ಸರಳವಾದದ್ದು. ಅಲ್ಲಿನ ಟರ್ಬೈನ್ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಬಳ್ಳಾರಿಯ ಕುಡಿತಿನಿಯಲ್ಲಿರುವುದು, ವಿಜಯಪುರದ ಕೂಡಗಿಯಲ್ಲಿರುವುದು, ದೇಶದ ಉಳಿದ ಕಲ್ಲಿದ್ದಲು ಸ್ಥಾವರಗಳವು, ಎಲ್ಲವೂ ಅದೇ ವೇಗದಲ್ಲಿ ಒಂದಕ್ಕೊಂದು ಕಟ್ಟಿಹಾಕಿದಂತೆ ತಿರುಗುತ್ತವೆ. ಜಾತ್ರೆಯ ತೇರು ನೆನೆಸಿಕೊಳ್ಳಿ. ಹಗ್ಗಕ್ಕೆ ಕೈಹಾಕಿದ ಇನ್ನೂರು ಜನರಲ್ಲಿ ಹತ್ತು ಜನ ಎಡವಿದರೂ ತೇರು ಗಕ್ಕನೆ ನಿಲ್ಲುವುದಿಲ್ಲ, ಅದರ ಭಾರವೇ ಅದನ್ನು ನಾಲ್ಕು ಮಾರು ಮುಂದಕ್ಕೆ ಒಯ್ಯುತ್ತದೆ. ಅಷ್ಟರಲ್ಲಿ ಬೇರೆಯವರು ಹಗ್ಗ ಹಿಡಿಯುತ್ತಾರೆ. ನೂರಾರು ಟನ್ ಉಕ್ಕು ತಿರುಗುತ್ತಿರುವುದರಿಂದ ಗ್ರಿಡ್ಡಿಗೂ ಆ ಭಾರ ಇದೆ. ಸೋಲಾರ್ ಫಲಕದಲ್ಲಿ ತಿರುಗುವ ವಸ್ತುವೇ ಇಲ್ಲ. ಬಿಸಿಲು ಬಿದ್ದರೆ ಕರೆಂಟು, ಮೋಡ ಬಂದರೆ ಇಲ್ಲ. ಅಂದರೆ ಸೋಲಾರ್ ಹೆಚ್ಚಿದಷ್ಟೂ ತೇರು ಹಗುರಾಗುತ್ತದೆ, ಎಡವಿದರೆ ಬೇಗ ನಿಲ್ಲುತ್ತದೆ. ಇದು ಸೋಲಾರ್ ಬೇಡ ಎನ್ನುವುದಕ್ಕೆ ಕಾರಣವಲ್ಲ, ಹಗ್ಗ ಹಿಡಿಯುವವರು ಎಚ್ಚರದಲ್ಲಿರಬೇಕು ಎನ್ನುವುದಕ್ಕೆ ಕಾರಣ.

ಎಚ್ಚರದಲ್ಲಿದ್ದರೆ ಏನು ಸಾಧ್ಯ ಎಂಬುದನ್ನು 2020ರ ಏಪ್ರಿಲ್ 5ರ ರಾತ್ರಿ ಕಂಡೆವು. ಲಾಕ್‌ಡೌನ್ ನಡುವೆ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಪ್ರಧಾನಿ ಕರೆಕೊಟ್ಟಾಗ ದೇಶದ ಬೇಡಿಕೆ ಕೆಲವೇ ನಿಮಿಷಗಳಲ್ಲಿ 31,000 ಮೆಗಾವಾಟಿಗೂ ಹೆಚ್ಚು ಕುಸಿಯಿತು, ಮತ್ತೆ ಅಷ್ಟೇ ಬೇಗ ಏರಿತು. ಫ್ರೀಕ್ವೆನ್ಸಿ 50.26ಕ್ಕೆ ಹೋಗಿ 49.70ಕ್ಕೆ ಇಳಿದು ಜಾಗಕ್ಕೆ ಬಂತು. ಅವತ್ತು ಗ್ರಿಡ್ ಕಾಪಾಡಿದ್ದು ಮುಖ್ಯವಾಗಿ ಜಲವಿದ್ಯುತ್ತು. ನೀರಿನ ಗೇಟು ತೆರೆದರೆ ನಿಮಿಷಗಳಲ್ಲಿ ಕರೆಂಟು, ಮುಚ್ಚಿದರೆ ಇಲ್ಲ. ಕಲ್ಲಿದ್ದಲಿನ ಬಾಯ್ಲರಿಗೆ ಆ ಚುರುಕು ಇಲ್ಲ. ತಣ್ಣಗಾದ ಘಟಕವನ್ನು ಮತ್ತೆ ಹೊತ್ತಿಸಿ ಪೂರ್ತಿ ಸಾಮರ್ಥ್ಯಕ್ಕೆ ತರಲು ತಾಸುಗಟ್ಟಲೆ ಬೇಕು, ಮೇಲೆ ಎಣ್ಣೆಯ ಖರ್ಚು ಬೇರೆ.

ದೇಶದ ಗ್ರಿಡ್ಡಿನ ಕಥೆಯಲ್ಲಿ ರಾಯಚೂರಿಗೆ ಒಂದು ತಾರೀಖು ಮೀಸಲಾಗಿದೆ, ಊರಿನವರಿಗೇ ಅದು ಅಷ್ಟಾಗಿ ಗೊತ್ತಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್‌ಗಳು ಕುಸಿದು 60 ಕೋಟಿಯಷ್ಟು ಜನಕ್ಕೆ ಬಿಸಿ ತಟ್ಟಿತು. ದಕ್ಷಿಣಕ್ಕೆ ಏನೂ ಆಗಲಿಲ್ಲ. ಆಗ ನಮ್ಮದು ಬೇರೆ ಮನೆ, ಉತ್ತರದೊಂದಿಗೆ ಡಿಸಿ ಕೊಂಡಿಗಳ ಮೂಲಕವಷ್ಟೇ ವ್ಯವಹಾರ. 2013ರ ಡಿಸೆಂಬರ್ 31ರ ರಾತ್ರಿ ರಾಯಚೂರು-ಸೋಲಾಪುರ ನಡುವಿನ 765 ಕಿಲೋವೋಲ್ಟ್ ಲೈನ್ ಚಾಲೂ ಆದಾಗ ಎರಡು ಮನೆ ಒಂದಾದವು. ಅಲ್ಲಿಯವರೆಗೆ ಬೇರೆ ಬೇರೆ ವೇಗದಲ್ಲಿ ಮಿಡಿಯುತ್ತಿದ್ದ ಎರಡು ಗ್ರಿಡ್ ಆ ರಾತ್ರಿಯಿಂದ ಒಂದೇ ನಾಡಿ. ದೇಶಕ್ಕೆಲ್ಲ ಒಂದೇ ಫ್ರೀಕ್ವೆನ್ಸಿ ಎಂದು ಹೇಳುವಾಗ ಆ ಗಂಟು ಬಿದ್ದದ್ದು ನಮ್ಮೂರಿನ ಹೊರವಲಯದಲ್ಲಿ.

ಒಂದಾದದ್ದು ಒಳ್ಳೆಯದೋ ಕೆಟ್ಟದ್ದೋ? ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು. ದಕ್ಷಿಣಕ್ಕೆ ಕರೆಂಟ್ ಕೊಂಡುತರುವ ದಾರಿ ಕಿರಿದಾಗಿದ್ದ ಕಾಲದಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನಮ್ಮ ಕಡೆಯ ದರ ಉಳಿದವರಿಗಿಂತ ಎಷ್ಟೋ ಹೆಚ್ಚಿರುತ್ತಿತ್ತು. ಲೈನ್‌ಗಳು ಹೆಚ್ಚಿದಂತೆ ಆ ಅಂತರ ಕರಗಿತು. ಅಪಾಯವೂ ಇದೆ, ದೂರದ ಮನೆಯ ಬೆಂಕಿ ಈಗ ನಮ್ಮ ಮಾಳಿಗೆಗೂ ಬರಬಹುದು. ಆದರೆ ದೊಡ್ಡ ತೇರು ಸಣ್ಣ ತೇರಿಗಿಂತ ಸ್ಥಿರ.

ಆಮೇಲೆ ಬಂತು ಬಿಸಿಲಿನ ಸುಗ್ಗಿ. ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್, ರೈತರ ಜಮೀನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಗೆ. ಗದಗ, ಚಿತ್ರದುರ್ಗ, ಕೊಪ್ಪಳದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. 2025ರ ಹೊತ್ತಿಗೆ ರಾಜ್ಯದ ಸೌರ ಸಾಮರ್ಥ್ಯ 9,000 ಮೆಗಾವಾಟ್ ದಾಟಿತು, ಪವನದ್ದು 7,000. ರಾಜ್ಯದ ಗರಿಷ್ಠ ಬೇಡಿಕೆ ಆ ವರ್ಷದ ಬೇಸಿಗೆಯಲ್ಲಿ 18,000 ದಾಟಿತ್ತು. ಕಾಗದದ ಮೇಲೆ ಕೂಡಿದರೆ ಕೊರತೆಯೇ ಇಲ್ಲ. ಕರೆಂಟು ಕಾಗದದ ಮೇಲೆ ಕೂಡುವ ಸರಕಲ್ಲ, ಗಡಿಯಾರದ ಮುಳ್ಳಿನ ಮೇಲೆ ಕೂಡುವ ಸರಕು.

ಒಂದು ಬೇಸಿಗೆಯ ದಿನ ತೆಗೆದುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಸೋಲಾರ್ ಕಣ್ಣುಬಿಡುತ್ತದೆ. ಹತ್ತು ಗಂಟೆಗೆ ತುಂಬಿ ಹರಿಯುತ್ತದೆ. ಹನ್ನೆರಡು, ಒಂದಕ್ಕೆ ಅದರ ನೆತ್ತಿ. ನಾಲ್ಕರ ನಂತರ ಇಳಿಜಾರು, ಆರೂವರೆಗೆ ಸೊನ್ನೆ. ಇಳಿಯುವ ಆ ಎರಡು ಮೂರು ತಾಸುಗಳಲ್ಲಿ ಸಾವಿರಾರು ಮೆಗಾವಾಟ್ ಮಾಯವಾಗುತ್ತದೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ ಹತ್ತುತ್ತವೆ, ಕೂಲರ್ ತಿರುಗಲು ಶುರುವಾಗುತ್ತವೆ. ರಾಯಚೂರಿನ ಮೇ ತಿಂಗಳು ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಹಗಲಿಡೀ ಕಾದ ಕಲ್ಲುಗೋಡೆ ರಾತ್ರಿ ಹನ್ನೊಂದರವರೆಗೂ ಬಿಸಿಯುಗುಳುತ್ತದೆ. ವಿನಿಮಯ ಕೇಂದ್ರದ ದರ ನೋಡಿದರೂ ಇದು ಕಾಣುತ್ತದೆ. ಮಧ್ಯಾಹ್ನ ಯೂನಿಟ್‌ಗೆ ಎರಡು ಮೂರು ರೂಪಾಯಿಗೆ ಬಿದ್ದಿರುವ ಕರೆಂಟು ಕಡುಬೇಸಿಗೆಯ ಸಂಜೆ ಹತ್ತು ರೂಪಾಯಿಯ ಮಿತಿಯನ್ನೇ ಮುಟ್ಟುತ್ತದೆ. ಒಂದೇ ದಿನ, ಒಂದೇ ತಂತಿ, ಎರಡು ಬೆಲೆಯ ಎರಡು ಸರಕು. ನನ್ನ ಪ್ರಕಾರ ನಾವು ಇವನ್ನು ಬೇರೆ ಬೇರೆ ಹೆಸರಿನಿಂದಲೇ ಕರೆಯಬೇಕು: ಮಧ್ಯಾಹ್ನದ ಕರೆಂಟು, ಸಂಜೆಯ ಕರೆಂಟು. ಮೊದಲನೆಯದು ಈಗ ಬೇಕಾದಷ್ಟಿದೆ. ಕೊರತೆ ಇರುವುದು ಎರಡನೆಯದಕ್ಕೆ.

ಶಕ್ತಿನಗರದ ಕೆಲಸ ಬದಲಾದದ್ದು ಇಲ್ಲಿಯೇ. ಹಿಂದೆ ಅದು ದುಡಿಯುವ ಎತ್ತು, ಹಗಲು ರಾತ್ರಿ ಒಂದೇ ಹದದಲ್ಲಿ ಗಳೇವು ಎಳೆಯುತ್ತಿತ್ತು. ಈಗ ಅದಕ್ಕೆ ಮಧ್ಯಾಹ್ನ ನಿಲ್ಲು ಎನ್ನುತ್ತಾರೆ, ಸಂಜೆ ಓಡು ಎನ್ನುತ್ತಾರೆ. ನಿಲ್ಲು ಎಂದರೆ ಪೂರ್ತಿ ನಿಲ್ಲುವಂತಿಲ್ಲ, ಆರಿಸಿದರೆ ಸಂಜೆಗೆ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಸಣ್ಣ ಉರಿಯಲ್ಲಿ ಕಾಯಬೇಕು. ಈ ಸಣ್ಣ ಉರಿಗೆ ಮಿತಿ ಇಷ್ಟು ದಿನ ಸಾಮರ್ಥ್ಯದ ಶೇ 55. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಮಾಡಿದ ನಿಯಮದಂತೆ ಹಂತಹಂತವಾಗಿ ಅದನ್ನು ಶೇ 40ಕ್ಕೆ ಇಳಿಸಬೇಕು. 210 ಮೆಗಾವಾಟಿನ ಘಟಕವನ್ನು 84ಕ್ಕೆ ಇಳಿಸಿ, ನಂದಿಹೋಗದಂತೆ ಹಿಡಿದು, ಮತ್ತೆ ಏರಿಸುವುದು ಅದರ ಅರ್ಥ. ದಿನಾ ಹೀಗೆ ಬಿಸಿ-ತಣ್ಣಗೆ ಮಾಡಿದರೆ ಬಾಯ್ಲರಿನ ಕೊಳವೆಗಳು ಹಿಗ್ಗಿ ಕುಗ್ಗಿ ಬಿರಿಯುತ್ತವೆ. ಬಾಯ್ಲರ್ ಟ್ಯೂಬ್ ಲೀಕ್ ಆಗಿ ಘಟಕ ಸ್ಥಗಿತ ಎಂಬ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಓದುಗರು ಅದನ್ನು ಬೇಜವಾಬ್ದಾರಿ ಎಂದುಕೊಳ್ಳುತ್ತಾರೆ. ಕೆಲವು ಸಲ ಅದೂ ಇರಬಹುದು. ಆದರೆ ಮೊದಲ ಘಟಕಕ್ಕೆ 2025ಕ್ಕೆ ನಲವತ್ತು ತುಂಬಿತು. ನಲವತ್ತು ವರ್ಷ ಒಂದೇ ಹದದಲ್ಲಿ ನಡೆದವನನ್ನು ದಿನಕ್ಕೆರಡು ಸಲ ಓಡಿಸಿದರೆ ಮಂಡಿ ನೋಯುವುದು ಸಹಜ.

ದುಡ್ಡಿನ ಮಾತೂ ಇದೆ. ಘಟಕ ಓಡಲಿ ಬಿಡಲಿ, ಅದರ ನಿಗದಿತ ವೆಚ್ಚವನ್ನು ಕರೆಂಟ್ ಕೊಳ್ಳುವ ಕಂಪನಿ ಕೊಡಲೇಬೇಕು. ಅಂದರೆ ಕಾಯುವುದಕ್ಕೂ ಕೂಲಿ. ಅದು ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ. ಇದನ್ನು ದಂಡ ಎನ್ನುವವರಿದ್ದಾರೆ, ನಾನು ಹಾಗೆನ್ನುವುದಿಲ್ಲ. ಜಾತ್ರೆಯ ದಿನ ಅಗ್ನಿಶಾಮಕ ವಾಹನ ಸುಮ್ಮನೆ ನಿಂತಿತ್ತು ಎಂದು ಯಾರೂ ಅದರ ಬಾಡಿಗೆ ಮುರಿಯುವುದಿಲ್ಲವಲ್ಲ.

ಹೀಗೆ ಕಾಯುವ ಘಟಕಗಳ ಬೆಲೆ ಗೊತ್ತಾದದ್ದು 2023ರ ಅಕ್ಟೋಬರಿನಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬರ ಎಂದರೆ ನಮ್ಮಲ್ಲಿ ಕರೆಂಟಿಗೆ ಮೂರು ಕಡೆಯ ಏಟು. ಜಲಾಶಯ ಖಾಲಿ, ಜಲವಿದ್ಯುತ್ ಕಡಿಮೆ. ಮಳೆಯಿಲ್ಲದ ಹೊಲಕ್ಕೆ ನೀರೆತ್ತಲು ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ. ಮಳೆಗಾಲದಲ್ಲಿ ಬೇಡಿಕೆ ಇರುವುದಿಲ್ಲವೆಂದು ವಾರ್ಷಿಕ ದುರಸ್ತಿಗೆ ಬಿಚ್ಚಿಟ್ಟ ಉಷ್ಣ ಘಟಕಗಳು ಕೈಗೆ ಸಿಗುವುದಿಲ್ಲ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಿ ಖಾಸಗಿಯವರ ಕರೆಂಟು ರಾಜ್ಯದೊಳಗೇ ಉಳಿಯಬೇಕೆಂದು ಆದೇಶಿಸಿತು, ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಮುಂದಿನ ಮಳೆಗಾಲದಲ್ಲಿ ಹಿಂದಿರುಗಿಸುವ ಷರತ್ತಿನ ಮೇಲೆ ಕೈಗಡ ತಂದಿತು. ಕಾಳು ಕಡ ತಂದು ಸುಗ್ಗಿಗೆ ತೀರಿಸಿದ ಹಾಗೆ. ಆ ಕಡ ಬಂದದ್ದೂ 2013ರ ಆ ಗಂಟಿನ ದಯೆಯಿಂದಲೇ. ಆದರೂ ಪಂಪ್‌ಸೆಟ್‌ಗಳಿಗೆ ಏಳು ತಾಸು ಇದ್ದದ್ದು ಐದಕ್ಕೆ ಇಳಿಯಿತು. ಭತ್ತ ತೆನೆ ಕಟ್ಟುವ ಹೊತ್ತು. ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿಯ ರೈತರು ರಸ್ತೆಗಿಳಿದ ಮೇಲೆ ನವೆಂಬರಿನಲ್ಲಿ ಏಳು ತಾಸು ತ್ರೀ ಫೇಸ್ ಕೊಡುವ ತೀರ್ಮಾನ ಬಂತು.

ಏಳು ತಾಸು ಬಂದ ಮೇಲೆ ಎಲ್ಲ ಸರಿಹೋಯಿತೇ? ಇದಕ್ಕೆ ಉತ್ತರ ಬೇಕಾದರೆ ಬೆಳೆ ಹಂಗಾಮಿನಲ್ಲಿ ಮಾನ್ವಿಯ ಯಾವುದಾದರೂ ವೈಂಡಿಂಗ್ ಅಂಗಡಿಗೆ ಹೋಗಬೇಕು. ಬಾಗಿಲಲ್ಲೇ ವಾರ್ನಿಷ್ ಸುಟ್ಟ ವಾಸನೆ. ನೆಲದ ಮೇಲೆ ಸಾಲಾಗಿ ಹೊಟ್ಟೆ ಬಿಚ್ಚಿದ ಮೋಟರುಗಳು, ಒಳಗಿನ ತಾಮ್ರ ಕರಿಬೇವಿನ ಒಗ್ಗರಣೆಯಂತೆ ಕರ್ರಗಾಗಿರುತ್ತದೆ. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಊರಿನ ಹೆಸರು, ಎಚ್‌ಪಿ. "ಕರೆಂಟ್ ಇಲ್ಲದಾಗ ಮೋಟರ್ ಸುಡಂಗಿಲ್ರಿ, ಕರೆಂಟ್ ಬಂದಾಗ ಸುಡ್ತಾವ" ಎನ್ನುತ್ತಾರೆ ಅಲ್ಲಿ ಕೆಲಸ ಮಾಡುವವರು. ಈ ಮಾತಿನಲ್ಲಿ ಒಂದು ಇಡೀ ಪಾಠವಿದೆ.

ಕಾಲುವೆಯ ಹೋಲಿಕೆಗೆ ಮರಳುತ್ತೇನೆ. ಗ್ರಿಡ್ಡಿನ ಗೇಜ್ ಎಲ್ಲರಿಗೂ ಒಂದೇ, ಕೊನೆಭಾಗ ಎಂಬುದಿಲ್ಲ ಎಂದೆ. ಅದು ಫ್ರೀಕ್ವೆನ್ಸಿಯ ಮಾತು. ವೋಲ್ಟೇಜ್ ವಿಷಯಕ್ಕೆ ಬಂದರೆ ಅದು ಅಪ್ಪಟ ಕಾಲುವೆ. ಸಬ್‌ಸ್ಟೇಷನ್ ಹತ್ತಿರದವರಿಗೆ ತುಂಬಿರುತ್ತದೆ, ಹನ್ನೊಂದು ಕೆವಿ ಲೈನಿನ ತುದಿಯವರಿಗೆ ಸೊರಗಿರುತ್ತದೆ. ಮೋಟರಿಗೆ 400 ವೋಲ್ಟ್ ಬೇಕಾದಲ್ಲಿ ಪ್ಯಾನೆಲ್ ಬೋರ್ಡಿನ ಮುಳ್ಳು 330ರಲ್ಲಿ ತೂಗಾಡುತ್ತಿರುತ್ತದೆ. ವೋಲ್ಟೇಜ್ ಇಳಿದರೆ ಮೋಟರ್ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಚೀಟಿ ಕಟ್ಟಿಸಿಕೊಂಡು ಮಾನ್ವಿಗೆ ಬರುತ್ತದೆ. ಮೂರು ಫೇಸಿನ ಮೂರು ಸಣ್ಣ ಬಲ್ಬುಗಳಲ್ಲಿ ಒಂದು ಮಂಕಾಗಿದ್ದರೂ ಕಂಡೆನ್ಸರ್ ಹಾಕಿ ಓಡಿಸುವವರುಂಟು. ತಪ್ಪೆಂದು ಅವರಿಗೂ ಗೊತ್ತು, ನಾಟಿ ಒಣಗುವುದೂ ಗೊತ್ತು.

ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದಲ್ಲಿ ಒಂದು ಕಥೆ, ಅದು ಮುಟ್ಟದ ಎರೆಹೊಲಗಳಲ್ಲಿ ಇನ್ನೊಂದು. ಎರಡೂ ಕಡೆ ಸಾಮಾನ್ಯವಾದದ್ದು ಟಿಸಿ. ಟ್ರಾನ್ಸ್‌ಫಾರ್ಮರ್ ಎಂದು ನಮ್ಮ ಹಳ್ಳಿಗಳಲ್ಲಿ ಯಾರೂ ಅನ್ನುವುದಿಲ್ಲ, ಅದು ಟಿಸಿ. ಒಂದು 63 ಕೆವಿಎ ಟಿಸಿ 5 ಎಚ್‌ಪಿಯ ಹತ್ತು ಹನ್ನೆರಡು ಮೋಟರುಗಳನ್ನು ಹೊರಬಲ್ಲದು. ಅದಕ್ಕೆ ಹದಿನೆಂಟು ಬಿಗಿದಿದ್ದರೆ? ಅದೂ ಸಾಲದೆಂದು ಬಹುತೇಕ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ತ್ರೀ ಫೇಸ್ ಕರೆಂಟಿನ ಬ್ಯಾಚ್, ಅಂದರೆ ಸರದಿ, ಬಂದೀತೋ ಗೊತ್ತಿಲ್ಲದ ಕಾಲದಲ್ಲಿ ನಿದ್ದೆಗೆಟ್ಟ ರೈತ ಕಂಡುಕೊಂಡ ಉಪಾಯ ಅದು. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತ್ರೀ ಫೇಸ್ ಬಂದ ಕ್ಷಣ ಹದಿನೆಂಟೂ ಒಟ್ಟಿಗೆ ಎದ್ದರೆ ಟಿಸಿ ಗೊಣಗುತ್ತದೆ, ಫ್ಯೂಸ್ ಹಾರುತ್ತದೆ, ಇಲ್ಲವೇ ಟಿಸಿಯೇ ಹೋಗುತ್ತದೆ. ನನ್ನ ಪರಿಚಯದ ಒಬ್ಬ ರೈತರ ಹೊಲದ ಬಳಿ ಹೀಗೆ ಸುಟ್ಟ ಟಿಸಿಯನ್ನು ಊರವರೇ ಪಟ್ಟಿ ಹಾಕಿ ಟ್ರ್ಯಾಕ್ಟರಿನಲ್ಲಿ ರಿಪೇರಿಗೆ ಒಯ್ದದ್ದನ್ನು ನಾನೇ ಕಂಡಿದ್ದೇನೆ. ಆ ದಿನ ದೇಶದ ಫ್ರೀಕ್ವೆನ್ಸಿ 50ರಲ್ಲೇ ಇದ್ದಿರಬೇಕು.

ಹಾಗಿದ್ದರೂ ಮೂಲಗಳು ಬದಲಾದದ್ದರಿಂದ ಈ ರೈತನಿಗೆ ಒಂದು ದೊಡ್ಡ ಲಾಭವಾಗಿದೆ, ಅದನ್ನು ಒಪ್ಪಬೇಕು. ಹಿಂದೆ ಪಂಪ್‌ಸೆಟ್ಟಿಗೆ ಕರೆಂಟ್ ಕೊಡುತ್ತಿದ್ದದ್ದು ಊರು ಮಲಗಿದ ಮೇಲೆ. ಬ್ಯಾಟರಿ ಹಿಡಿದು ಬದುವಿನ ಮೇಲೆ ಹಾವಿನ ಭಯದಲ್ಲಿ ನಡೆದ ತಲೆಮಾರು ಅದು. ಸೋಲಾರ್ ಬಂದ ಮೇಲೆ ಮಧ್ಯಾಹ್ನದ ಕರೆಂಟಿಗೆ ಗಿರಾಕಿ ಬೇಕಾಯಿತು, ಆ ಗಿರಾಕಿ ಪಂಪ್‌ಸೆಟ್. ರಾಜ್ಯದ ಗರಿಷ್ಠ ಬೇಡಿಕೆಯ ಹೊತ್ತು ಸಂಜೆಯಿಂದ ಹಗಲಿಗೆ ಸರಿದದ್ದು ಇದರಿಂದಲೇ. ಕುಸುಮ್ ಯೋಜನೆಯ ಸಿ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಕಟ್ಟಿ ಅಲ್ಲಿನ ಕೃಷಿ ಫೀಡರಿಗೆ ಹಗಲು ಕರೆಂಟ್ ಕೊಡುವ ಕೆಲಸ ನಡೆದಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ನನಗೆ ಈ ಯೋಜನೆ ಹಿಡಿಸಿರುವುದು ಹಸಿರು ಎಂಬ ಕಾರಣಕ್ಕಲ್ಲ. ಲೈನಿನ ತುದಿಯಲ್ಲಿ ಉತ್ಪಾದನೆ ಇದ್ದರೆ ಆ ಕೊನೆಭಾಗದ ವೋಲ್ಟೇಜ್ ಎತ್ತಿ ನಿಲ್ಲುತ್ತದೆ. ಕಾಲುವೆಯ ಕೊನೆಯಲ್ಲಿ ಒಂದು ಕೆರೆ ಕಟ್ಟಿದ ಹಾಗೆ. ಮಾನ್ವಿ, ದೇವದುರ್ಗದಂಥ ಉದ್ದ ಲೈನುಗಳ ತಾಲ್ಲೂಕುಗಳಿಗೆ ಇದು ಮೊದಲು ಬರಬೇಕು.

ವೋಲ್ಟೇಜ್ ಎಂದರೆ ಹಳ್ಳಿಯ ತಾಪತ್ರಯ ಎಂದು ದೊಡ್ಡವರು ತಾತ್ಸಾರ ಮಾಡುವುದುಂಟು. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಪೂರ್ತಿ ಕತ್ತಲಾದದ್ದು ವೋಲ್ಟೇಜಿನಿಂದ. ಅಲ್ಲಿ ಇಳಿದದ್ದಲ್ಲ, ಏರಿದ್ದು. ಒಂದು ಕಡೆ ಏರಿದ ವೋಲ್ಟೇಜಿಗೆ ಘಟಕಗಳು ಕಳಚಿಕೊಂಡವು, ಕಳಚಿದ್ದರಿಂದ ಇನ್ನಷ್ಟು ಏರಿತು, ಕೆಲವೇ ಸೆಕೆಂಡುಗಳಲ್ಲಿ ಸರಪಳಿ ಮುಗಿದೇ ಹೋಯಿತು. ಸೋಲಾರ್ ಹೆಚ್ಚಾದದ್ದೇ ತಪ್ಪು ಎಂದು ಆಗ ಬಹಳ ಜನ ಕೂಗಿದರು. ತಜ್ಞರ ಸಮಿತಿ ಹೇಳಿದ್ದು ಬೇರೆ, ವೋಲ್ಟೇಜ್ ಹಿಡಿದಿಡಬೇಕಾದ ವ್ಯವಸ್ಥೆ ಸಾಲಲಿಲ್ಲ ಎಂದು. ನಮ್ಮ ದಕ್ಷಿಣದಲ್ಲೂ ಮಳೆಗಾಲದ ರಾತ್ರಿಗಳಲ್ಲಿ ಹೊರೆಯಿಲ್ಲದ ಭಾರಿ ಲೈನುಗಳಲ್ಲಿ ವೋಲ್ಟೇಜ್ ಏರುತ್ತದೆ, ತಗ್ಗಿಸಲು ಕೆಲವು ಲೈನುಗಳನ್ನೇ ಬಿಚ್ಚಿಡುತ್ತಾರೆ. ಕರೆಂಟನ್ನು ಸಾವಿರ ಕಿಲೋಮೀಟರ್ ದೂರದಿಂದ ತರಬಹುದು, ವೋಲ್ಟೇಜ್ ಹಿಡಿಯುವ ಬಲವನ್ನು ತರಲಾಗದು. ಅದು ಆಯಾ ಜಾಗದಲ್ಲೇ ಇರಬೇಕು.

ಇಲ್ಲಿಗೆ ಶಕ್ತಿನಗರದ ಮುದಿ ಘಟಕಗಳ ಪ್ರಶ್ನೆ ಬರುತ್ತದೆ. ಇಂದಲ್ಲ ನಾಳೆ ಅವು ನಿಲ್ಲುತ್ತವೆ. ನಿಂತ ಮೇಲೆ ಗುಜರಿಗೆ ಹಾಕಿ ಜಾಗಕ್ಕೆ ಬೇಲಿ ಹಾಕಿದರೆ ಅದು ದಡ್ಡತನ. ಕಲ್ಲಿದ್ದಲು ಸುಡದೆಯೇ ಜನರೇಟರನ್ನು ಬರಿದೇ ತಿರುಗುವಂತೆ ಇಟ್ಟರೆ ಅದು ತೇರಿಗೆ ಭಾರ ಕೊಡುತ್ತದೆ, ವೋಲ್ಟೇಜನ್ನೂ ಹಿಡಿಯುತ್ತದೆ. ಜರ್ಮನಿಯಲ್ಲಿ ಮುಚ್ಚಿದ ಬಿಬ್ಲಿಸ್ ಅಣುಸ್ಥಾವರದ ಜನರೇಟರನ್ನು 2012ರಲ್ಲಿ ಹೀಗೆ ಬದಲಿಸಿ ಬಳಸಿದರು. ಸಂಜೆಯ ಕರೆಂಟಿಗೆ ಬೇಕಾದ ಬ್ಯಾಟರಿಗಳಿಗೂ ಇಂಥ ಜಾಗ ಹೇಳಿಮಾಡಿಸಿದಂತಿದೆ. ಹೊಸದಾಗಿ ಎಲ್ಲಿಯೋ ಜಮೀನು ಹುಡುಕಿ, ಲೈನ್ ಎಳೆದು, ಕೋರ್ಟಿಗೆ ಅಲೆಯಬೇಕಿಲ್ಲ. ಸ್ವಿಚ್‌ಯಾರ್ಡ್ ಇದೆ, ಲೈನುಗಳಿವೆ, ಗ್ರಿಡ್ಡಿನ ನಾಡಿ ಬಲ್ಲ ಕೆಲಸಗಾರರಿದ್ದಾರೆ. ಅವರ ಮಕ್ಕಳಿಗೆ ಬೇಕಾದ ಉದ್ಯೋಗದ ಮಾತೂ ಇದರಲ್ಲೇ ಅಡಗಿದೆ.

ಇದರ ಬದಲು ರಾಜ್ಯ ಹೆಚ್ಚು ನಂಬಿಕೊಂಡಿರುವುದು ಶರಾವತಿ ಕಣಿವೆಯ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು. ಮಧ್ಯಾಹ್ನ ಅಗ್ಗದ ಕರೆಂಟಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟ್ ಮಾಡುವುದು. ನಾಲ್ಕು ಯೂನಿಟ್ ಹಾಕಿದರೆ ಮೂರು ಯೂನಿಟ್ ಬರುತ್ತದೆ, ತಂತ್ರ ಪಳಗಿದ್ದು. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ಪಶ್ಚಿಮ ಘಟ್ಟವನ್ನು ಕೊರೆಯುವ ಮೊದಲು ಶಕ್ತಿನಗರ, ಯರಮರಸ್‌ನಂಥ ಸುಟ್ಟು ಸವೆದ ಜಾಗಗಳಲ್ಲಿ ಎಷ್ಟು ಬ್ಯಾಟರಿ ಇಡಬಹುದು ಎಂಬ ಲೆಕ್ಕವನ್ನು ಸರ್ಕಾರ ಜನರ ಮುಂದೆ ಇಡಲಿ. ಬ್ಯಾಟರಿಯ ಟೆಂಡರ್ ದರಗಳು 2024ರಿಂದೀಚೆಗೆ ಇಳಿದಿರುವ ವೇಗ ನೋಡಿದರೆ ಹಳೆಯ ಲೆಕ್ಕಗಳನ್ನು ಮತ್ತೊಮ್ಮೆ ತೆಗೆಯಲೇಬೇಕು.

ಇವೆಲ್ಲ ಬೆಂಗಳೂರು, ದೆಹಲಿಯವರು ಮಾಡಬೇಕಾದದ್ದು. ರಾಯಚೂರು, ಮಾನ್ವಿ, ದೇವದುರ್ಗದ ಓದುಗರು ಮಾಡಬಹುದಾದದ್ದು ಒಂದಿದೆ, ಅದಕ್ಕೆ ಖರ್ಚಿಲ್ಲ. ಮುಂದಿನ ಸಲ ಕರೆಂಟ್ ಹೋದಾಗ ಕೆಇಬಿಯವರಿಗೆ ಬೈದು ಸುಮ್ಮನಾಗಬೇಡಿ. ಹೋದ ಸಮಯ, ಬಂದ ಸಮಯ ಒಂದು ಚೀಟಿಯಲ್ಲಿ ಬರೆದಿಡಿ. ಬಿಲ್ಲಿನ ಮೇಲಿರುವ ಆರ್‌.ಆರ್. ನಂಬರ್ ಕೈಯಲ್ಲಿಟ್ಟುಕೊಂಡು 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಅಕ್ಕಪಕ್ಕದವರು ಒಂದು ತಿಂಗಳು ಹೀಗೆ ಬರೆದರೆ ನಿಮ್ಮ ಕರೆಂಟ್ ಹೋಗುವುದು ಸಂಜೆಯ ಕೊರತೆಯಿಂದಲೋ, ಗಾಳಿಗೆ ತಾಗುವ ಕೊಂಬೆಯಿಂದಲೋ, ಹೊರೆ ಹೆಚ್ಚಾದ ಟಿಸಿಯಿಂದಲೋ ಎಂಬುದು ನಿಮಗೇ ಕಾಣುತ್ತದೆ. ಹಳ್ಳಿಯಲ್ಲಿ ಟಿಸಿ ಸುಟ್ಟರೆ ಅದನ್ನು ಬದಲಿಸಿಕೊಡಲು ವಿದ್ಯುತ್ ನಿಯಂತ್ರಣ ಆಯೋಗ ಕೊಟ್ಟಿರುವ ಗಡುವು 72 ತಾಸು. ದೂರಿನ ಸಂಖ್ಯೆ ಇಲ್ಲದವರ ಗಡಿಯಾರ ಶುರುವೇ ಆಗಿರುವುದಿಲ್ಲ.